ಮೊದ್ಲು ಬ್ರೇಕ್, ಆಮ್ಯಾಲೆ ಲೈಟ್ ಬಾರ್

1/10 · ಶುರು ಎಲ್ಲಿಂದ?

ಇವತ್ತಿನಿಂದ ಹತ್ತು ಪೋಸ್ಟ್, ವಿಷಯ ಒಂದೇ: ಹಳೆ ಜೀಪ್. ಕ್ಲಾಸಿನ ದೋಸ್ತರು, ಡಿಪ್ಲೊಮಾ, ಐಟಿಐ ಹುಡುಗ ಹುಡುಗಿಯರು, ಪಿಯುಸಿ ಮುಗಿಯೋದ್ರೊಳಗ "ಅಪ್ಪಾ, ಒಂದ್ ಜಿಪ್ಸಿ ಕೊಡ್ಸು" ಅಂತ ಹಟ ಹಿಡಿದವರು, ಗಾಡಿ ಇಲ್ದಿದ್ರೂ ರೀಲ್ಸ್ ನೋಡಿ ಕನಸು ಕಾಣೋರು, ಎಲ್ಲಾರೂ ಬರ್ರಿ. ಒಂದೊಂದು ಪೋಸ್ಟ್ ಎರಡು ನಿಮಿಷದ್ದು.

ನನ್ನ ಇನ್‌ಬಾಕ್ಸ್‌ಗೆ ಬರೋ ಪ್ರಶ್ನೆಗಳು ಹೆಚ್ಚುಕಡಿಮೆ ಹಿಂಗ ಇರ್ತಾವ. "ಎಷ್ಟ್ ಇಂಚಿನ ಟೈರ್ ಕೂಡ್ತಾವ?" "ಲೈಟ್ ಬಾರ್ ಯಾವ್ದು ಛಲೋ?" "ಸ್ನಾರ್ಕೆಲ್ ಎಲ್ಲಿ ಸಿಗ್ತೈತಿ?" "ಬಾಡಿ ಮ್ಯಾಟ್ ಹಸಿರು ಮಾಡ್ಸಬೇಕು, ಎಷ್ಟ್ ಬರ್ತೈತಿ?" ಇಷ್ಟು ದಿನದಾಗ "ಬ್ರೇಕ್ ಡ್ರಮ್ ಎಷ್ಟು ಸವೆದೈತಿ ಅಂತ ಹೆಂಗ್ ನೋಡೋದು?" ಅಂತ ಕೇಳಿದವರು ಬೆರಳೆಣಿಕೆ.

ಅದಕ್ಕ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ, ಆಮೇಲೆ ಜಗಳ ಮಾಡ್ರಿ. ಜೀಪ್ ಹವ್ಯಾಸ ಅಂದರೆ ಮೊದಲು ರಿಪೇರಿ, ಆಮೇಲೆ ಮಾಡಿಫಿಕೇಶನ್. ಕಂಪನಿಯಿಂದ ಬಂದಾಗ ಹೆಂಗಿತ್ತೋ ಆ ಸ್ಥಿತಿಗೆ ಗಾಡಿಯನ್ನು ತರೋಕೆ ಬರದವರು ಅದಕ್ಕೆ ಹೊಸದು ಸೇರಿಸಬಾರದು. ಮೊದಲ ರೂಪಾಯಿ ಗಾಡಿ ಕೆಳಗೆ ಖರ್ಚಾಗಬೇಕು. ಕೊನೇ ರೂಪಾಯಿ, ಉಳಿದ್ರೆ, ಕಾಣೋ ಜಾಗಕ್ಕೆ.

ಇದು ಹಳೇ ಕಾಲದವರ ಉಪದೇಶ ಅನ್ನಿಸಬಹುದು. ಆದರೆ ನಾವು ಇರೋದು ಬೆಳಗಾವಿಯಲ್ಲಿ. ಇಲ್ಲಿಂದ ಸುಮಾರು 26 ಕಿಲೋಮೀಟರ್ ಹೋದರೆ ಖಾನಾಪುರ. ಅದರಾಚೆ ಜಾಂಬೋಟಿ, ಕಣಕುಂಬಿ, ಚೋರ್ಲಾ ಘಾಟ್. ಜೂನ್‌ನಿಂದ ಸೆಪ್ಟೆಂಬರ್ ತನಕ ಆ ಕಡೆ ಬೀಳೋ ಮಳೆ, ಆ ಕೆಂಪು ಕೆಸರು, ಆ ಇಳಿಜಾರು ಇವೆಲ್ಲ ನಿಮ್ಮ ಬಾಡಿ ಬಣ್ಣ ನೋಡಿ ಮರ್ಯಾದೆ ಕೊಡಲ್ಲ.

ಫೋಟೋದಲ್ಲಿರೋದು ನಮ್ಮ ಮನೆ ಎಂಎಂ 540. ಬಣ್ಣ ಮಾಸೈತಿ, ಗೊತ್ತು. ಬ್ರೇಕ್ ಮಾತ್ರ ಒಂದೇ ಸಲಕ್ಕ ಹಿಡೀತಾವ.

2/10 · ಯಾವ ಜೀಪ್ ಬಗ್ಗೆ ಮಾತಾಡಾಕತ್ತೀವಿ?

"ಜೀಪ್" ಅಂತ ನಾವು ಎಲ್ಲಾದಕ್ಕೂ ಅಂತೀವಿ. ಮೊದಲು ಸ್ವಲ್ಪ ವಂಶಾವಳಿ.

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕಾಗಿ ತಯಾರಾದ ವಿಲ್ಲಿಸ್ ಜೀಪ್ ಎಲ್ಲದರ ಮೂಲ. 1945ರಲ್ಲಿ ಶುರುವಾದ ಮಹೀಂದ್ರ ಕಂಪನಿ 1940ರ ದಶಕದ ಕೊನೆಗೆ ಅದನ್ನೇ ಇಲ್ಲಿ ಜೋಡಿಸೋಕೆ ಹಿಡೀತು. ಆಮೇಲೆ ಸಿಜೆ 3ಬಿ ಬಂತು. 1980ರ ದಶಕದಲ್ಲಿ ಪ್ಯೂಜೊ ವಿನ್ಯಾಸದ 2.1 ಲೀಟರ್ ಡೀಸೆಲ್ ಎಂಜಿನ್ ಹೊತ್ತು ಎಂಎಂ 540 ಬಂತು. ಥಾರ್ ಅನ್ನೋ ಹೆಸರು ರೋಡಿಗೆ ಇಳಿದದ್ದು 2010ರಲ್ಲಿ. ನೀವು ಈಗ ಕಾಲೇಜ್ ಗೇಟಿನ ಮುಂದೆ ನೋಡೋ ಎರಡನೇ ತಲೆಮಾರಿನ ಥಾರ್ 2020ರದ್ದು.

ಇನ್ನೊಂದು ಕಡೆ ಮಾರುತಿ ಜಿಪ್ಸಿ. 1985ರಲ್ಲಿ ಒಂದು ಲೀಟರ್ ಎಂಜಿನ್‌ನೊಂದಿಗೆ ಬಂತು, 1996ರಲ್ಲಿ 1.3 ಲೀಟರಿನ ಜಿಪ್ಸಿ ಕಿಂಗ್ ಆಯ್ತು, 2019ರಲ್ಲಿ ಸಾಮಾನ್ಯ ಗ್ರಾಹಕರಿಗೆ ನಿಂತೇಹೋಯ್ತು. ಸೈನ್ಯದ ಮೆಚ್ಚಿನ ಗಾಡಿ. ಮರಾಠಾ ಲಘು ಪದಾತಿ ದಳದ ಕೇಂದ್ರ ಇರೋ ಊರು ನಮ್ಮದು. ಕ್ಯಾಂಪ್ ರಸ್ತೆಯಲ್ಲಿ ಜಿಪ್ಸಿ ನೋಡ್ತಾನೇ ಬೆಳೆದವರು ನಾವು, ಅದಕ್ಕೇ ಆ ಹುಚ್ಚು.

ಸೈನ್ಯ ಹಳೇ ಗಾಡಿಗಳನ್ನ ಹರಾಜು ಹಾಕ್ತದ, ಅದರಲ್ಲಿ ತಗೊಂಡೋರೂ ಇದ್ದಾರೆ. ತಗೊಳ್ಳೋದಿದ್ರೆ ಹರಾಜಿನ ಕಾಗದ, ಆರ್‌ಟಿಒ ನೋಂದಣಿ ಎರಡೂ ನಿಮ್ಮ ಕೈಯಲ್ಲಿ ಇಟ್ಟುಕೊಂಡೇ ದುಡ್ಡು ಕೊಡ್ರಿ. "ಪೇಪರ್ ಆಮೇಲೆ ಮಾಡ್ಸೋಣ ಬಿಡ್ರಿ" ಅಂದ ಗಾಡಿಗೆ ಆಮೇಲೆ ಅನ್ನೋದು ಬರೋದೇ ಇಲ್ಲ.

ಈ ಹಳೆ ಗಾಡಿಗಳಲ್ಲಿ ಒಂದು ಸುಖ ಐತಿ. ಚಾಸಿ ಬೇರೆ, ಬಾಡಿ ಬೇರೆ. ಪಾಟಾ, ಅಂದರೆ ಲೀಫ್ ಸ್ಪ್ರಿಂಗ್, ಕಣ್ಣಿಗೇ ಕಾಣ್ತದ. ಹಳೆ ಡೀಸೆಲ್‌ಗಳಲ್ಲಿ ಸೆನ್ಸರ್ ಇಲ್ಲ, ಲ್ಯಾಪ್‌ಟಾಪ್ ಬೇಡ. ಡೀಸೆಲ್ ಖಾಲಿಯಾಗಿ ಲೈನಿಗೆ ಗಾಳಿ ಹೊಕ್ಕರೆ ಕೈ ಪಂಪ್ ಒತ್ತಿ, ಬ್ಲೀಡ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲೋ ತನಕ ಕಾದರೆ ಗಾಡಿ ಶುರು. ಪುಸ್ತಕದಲ್ಲಿ ಓದಿದ್ದನ್ನ ಬೆರಳಿನಿಂದ ಮುಟ್ಟಬಹುದಾದ ಗಾಡಿ ಇದು. ಕಲಿಯೋಕೆ ಇದಕ್ಕಿಂತ ಛಲೋ ಮಾಸ್ತರ ಸಿಗೋದಿಲ್ಲ.

3/10 · ಗಾಡಿ ಕೆಳಗ ಮಲ್ಕೊಳ್ರಿ

ಸೆಕೆಂಡ್ ಹ್ಯಾಂಡ್ ಜೀಪ್ ಮನೆಗೆ ಬಂತು ಅನ್ಕೊಳ್ರಿ. ಮೊದಲ ತಿಂಗಳು ಏನು ಮಾಡಬೇಕು?

ಅದಕ್ಕಿಂತ ಮೊದಲು ಒಂದು ಮಾತು. ಬರೀ ಜ್ಯಾಕ್ ಮೇಲೆ ನಿಂತ ಗಾಡಿ ಕೆಳಗೆ ತಲೆ ಹಾಕಬ್ಯಾಡ್ರಿ. ಜ್ಯಾಕ್ ಇರೋದು ಎತ್ತೋಕೆ. ಹಿಡಿದು ನಿಲ್ಲಿಸೋಕೆ ಜ್ಯಾಕ್ ಸ್ಟ್ಯಾಂಡ್ ಬೇಕು. ಮಣ್ಣಿನ ನೆಲ ಇದ್ದರೆ ಕೆಳಗೆ ದಪ್ಪ ಹಲಗೆ ಹಾಕ್ರಿ, ಇಟ್ಟಂಗಿ ಬೇಡ. ಇಟ್ಟಂಗಿ ಹೇಳದೇ ಕೇಳದೇ ಒಡೀತದ.

ಈಗ ಕ್ರಮ. ಒಂದು, ಬ್ರೇಕ್: ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರ್ ಸೋರ್ತಾವ ನೋಡ್ರಿ, ರಬ್ಬರ್ ಹೋಸ್ ಬದಲಿಸ್ರಿ, ಹಳೇ ಬ್ರೇಕ್ ಆಯಿಲ್ ಪೂರ್ತಿ ತೆಗೀರಿ. ಬ್ರೇಕ್ ಆಯಿಲ್ ಗಾಳಿಯಲ್ಲಿನ ನೀರು ಹೀರ್ತದ. ಘಾಟ್ ಇಳಿಯುವಾಗ ಬಿಸಿಯಾದರೆ ಆ ನೀರು ಆವಿ ಆಗ್ತದ, ಪೆಡಲ್ ಮೆತ್ತಗಾಗಿ ಕೆಳಗೆ ಹೋಗ್ತದ. ಡ್ರಮ್ ತುರಿಸೋಕೂ ಮಿತಿ ಐತಿ, ಎಷ್ಟೋ ಸಲ ತುರಿಸಿದ ಡ್ರಮ್ ತೆಳ್ಳಗಾಗಿ ಬಿರುಕು ಬಿಡ್ತದ.

ಎರಡು, ಸ್ಟೀರಿಂಗ್. ಎಂಜಿನ್ ಬಂದ್ ಮಾಡಿ ಚಕ್ರ ನೆಲದ ಮೇಲಿರುವಾಗ ಒಬ್ಬರು ಸ್ಟೀರಿಂಗ್ ಅತ್ತಿತ್ತ ಅಲ್ಲಾಡಿಸ್ರಿ, ಇನ್ನೊಬ್ಬರು ಕೆಳಗಿನಿಂದ ನೋಡ್ರಿ. ಆಟ ಎಲ್ಲಿ ಐತಿ? ಬಾಕ್ಸಿನಾಗ? ಟೈ ರಾಡ್ ತುದಿಯಾಗ? ಕಿಂಗ್ ಪಿನ್ ಬೇರಿಂಗ್‌ನಾಗ? 50ರ ವೇಗದಲ್ಲಿ ಒಂದು ಗುಂಡಿ ಬಿದ್ದು ಮುಂದಿನ ಚಕ್ರ ಗಡಗಡ ನಡುಗೋದಕ್ಕೆ ಕಾರಣ ಬಹಳ ಸಲ ಇವೇ.

ಮೂರು, ಕೂಲಿಂಗ್: ರೇಡಿಯೇಟರ್, ಹೋಸ್, ಫ್ಯಾನ್ ಬೆಲ್ಟ್. ನಾಲ್ಕು, ವೈರಿಂಗ್. ಐದು, ಪಾಟಾದ ಬುಷ್, ಯು ಬೋಲ್ಟ್.

ಟೂಲ್ ಏನು ಬೇಕು ಅಂದ್ರೆ, ಪಾನಾ ಸೆಟ್, ಜ್ಯಾಕ್ ಸ್ಟ್ಯಾಂಡ್, ಮಲ್ಟಿಮೀಟರ್, ಟಾರ್ಕ್ ರೆಂಚ್ ಮತ್ತು ಒಂದು ಗ್ರೀಸ್ ಗನ್. ಹಳೇ ಜೀಪಿನಲ್ಲಿ ಶ್ಯಾಕಲ್, ಪ್ರೊಪೆಲರ್ ಶಾಫ್ಟ್ ಜಾಯಿಂಟ್ ಎಲ್ಲೆಲ್ಲೂ ಗ್ರೀಸ್ ನಿಪ್ಪಲ್ ಇರ್ತಾವ. ಹಳೇ ಕಪ್ಪು ಗ್ರೀಸ್ ಹೊರಗೆ ಬಂದು ಹೊಸದು ಕಾಣೋ ತನಕ ತುಂಬಿಸ್ರಿ. ಲೈಟ್ ಬಾರಿನ ದುಡ್ಡಿನಲ್ಲಿ ಇದರಲ್ಲಿ ಬಹಳಷ್ಟು ಬರ್ತದ.

4/10 · ಟೈರ್ ಲೆಕ್ಕ, ಪೆನ್ನು ತಗೊಳ್ರಿ

ದೊಡ್ಡ ಟೈರ್ ಹಾಕಿದರೆ ಗಾಡಿ ಗಂಡುಮೆಟ್ಟಿನದು ಕಾಣ್ತದ, ಒಪ್ಪಿದೆ. ಈಗ ಲೆಕ್ಕ ಮಾಡೋಣ.

ಹಳೇ ಜೀಪಿಗೆ ಕಂಪನಿಯಿಂದ ಬರ್ತಿದ್ದದ್ದು 6.00-16 ಟೈರ್. ಎತ್ತರ ಸುಮಾರು 28 ಇಂಚು. ನೀವು 31 ಇಂಚಿನದು ಹಾಕಿದ್ರಿ. 31 ಭಾಗಿಸು 28 ಅಂದರೆ 1.107. ಅಂದರೆ ಚಕ್ರ ಒಂದು ಸುತ್ತಿಗೆ ಮೊದಲಿಗಿಂತ ಸುಮಾರು 11% ಹೆಚ್ಚು ದೂರ ಹೋಗ್ತದ. ಸ್ಪೀಡೋಮೀಟರ್ 60 ತೋರಿಸುವಾಗ ನೀವು ನಿಜಕ್ಕೂ 66ರಲ್ಲಿ ಇರ್ತೀರಿ.

ಈಗ ಬ್ರೇಕ್. ಡ್ರಮ್ಮಿನೊಳಗಿನ ಹಿಡಿತ ಬದಲಾಗಿಲ್ಲ, ಆದರೆ ಚಕ್ರದ ತ್ರಿಜ್ಯ 14ರಿಂದ 15.5 ಇಂಚಿಗೆ ಹೋಯ್ತು. ಅದೇ ಪೆಡಲ್ ಒತ್ತಿದರೆ ನೆಲದ ಮೇಲೆ ಸಿಗೋ ತಡೆ ಸುಮಾರು 10% ಕಡಿಮೆ. ಮೇಲಿಂದ ದೊಡ್ಡ ಟೈರು ಭಾರ ಬೇರೆ, ತಿರುಗೋ ಭಾರ ನಿಲ್ಲಿಸೋದು ಇನ್ನೂ ಕಷ್ಟ. ವೇಗ ಜಾಸ್ತಿ, ಬ್ರೇಕ್ ಕಡಿಮೆ. ಎರಡೂ ಒಟ್ಟಿಗೆ.

ಗೇರ್ ಕಥೆನೂ ಅಷ್ಟೇ. ಒಂದನೇ ಗೇರಿನಲ್ಲಿ ಏರ್ತಿದ್ದ ದಿಬ್ಬಕ್ಕೆ ಈಗ ಕ್ಲಚ್ ಸುಡಬೇಕು.

ಇಷ್ಟೆಲ್ಲಾ ಕೊಟ್ಟು ಸಿಕ್ಕಿದ್ದೇನು? ಆಕ್ಸಲ್ ಕೆಳಗೆ ಒಂದೂವರೆ ಇಂಚು ಹೆಚ್ಚಿನ ಜಾಗ. ಮೂರಲ್ಲ, ಒಂದೂವರೆ. ಯಾಕಂದ್ರ ಟೈರ್ ಬೆಳೆದದ್ದರಲ್ಲಿ ಅರ್ಧ ಮಾತ್ರ ಆಕ್ಸಲ್ ಕೆಳಗೆ ಬರ್ತದ.

ಒಂದೂವರೆ ಇಂಚು ಬೇಡ ಅಂತ ನಾನು ಹೇಳಲ್ಲ. ಕೆಲವು ದಾರಿಯಲ್ಲಿ ಅದು ಬೇಕೇ ಬೇಕು. ಆದರೆ ಅದರ ಬೆಲೆ ಅಂಗಡಿಯವನು ಹೇಳಿದ ರೇಟು ಅಷ್ಟೇ ಅಲ್ಲ. ಬ್ರೇಕ್, ಗೇರ್ ಅನುಪಾತ, ಸ್ಟೀರಿಂಗ್ ಜಾಯಿಂಟ್, ವೀಲ್ ಬೇರಿಂಗ್ ಎಲ್ಲದರ ಮೇಲೂ ಬಿಲ್ ಬರ್ತದ. ಮೇಲೆ ಪಾಟಾ ಎತ್ತರಿಸಿ ಲಿಫ್ಟ್ ಮಾಡಿದ್ರಂತೂ ಗುರುತ್ವ ಕೇಂದ್ರ ಮೇಲೆ ಹೋಯ್ತು, ತಿರುವಿನಲ್ಲಿ ಪಲ್ಟಿ ಹೊಡೆಯೋ ಭಯ ಹೆಚ್ಚಾಯ್ತು.

ಒಂದು ಇಂಚೂ ಎತ್ತರಿಸದೇ ಹಿಡಿತ ಹೆಚ್ಚಿಸೋ ಉಪಾಯ ಪುಕ್ಕಟೆ ಐತಿ. ಕೆಸರಿಗೆ ಇಳಿಯುವ ಮೊದಲು ಟೈರಿನ ಗಾಳಿ 18-20 ಪಿಎಸ್‌ಐಗೆ ಇಳಿಸ್ರಿ. ಟೈರ್ ಅಗಲ ಆಗಿ ನೆಲ ಹಿಡೀತದ. ಡಾಂಬರಿಗೆ ಬಂದ ಕೂಡಲೇ ವಾಪಸ್ ತುಂಬಿಸೋದು ಮರೀಬ್ಯಾಡ್ರಿ. ಒಂದು ಗೇಜ್, ಒಂದು ಸಣ್ಣ ಕಂಪ್ರೆಸರ್, ಸಾಕು.

5/10 · ಆ ಎರಡನೇ ಲಿವರ್

ಜೀಪಿನಲ್ಲಿ ಗೇರ್ ಲಿವರ್ ಪಕ್ಕ ಇನ್ನೊಂದು ಇರ್ತದಲ್ಲ, ಅದರ ಬಗ್ಗೆ ಬಹಳ ಜನಕ್ಕೆ ಗೊತ್ತಿರೋದು "ಹಾಕಿದ್ರ ಗಾಡಿ ಎಲ್ಲಿ ಬೇಕಾದ್ರೂ ಹೋಗ್ತೈತಿ" ಅಂತ ಮಾತ್ರ. ಹಂಗಿಲ್ಲ.

ಹಳೇ ಜೀಪು, ಜಿಪ್ಸಿಗಳಲ್ಲಿ ಇರೋದು ಪಾರ್ಟ್ ಟೈಮ್ ಫೋರ್ ವೀಲ್ ಡ್ರೈವ್. ಹಾಕಿದಾಗ ಮುಂದಿನ ಹಿಂದಿನ ಶಾಫ್ಟ್ ಎರಡೂ ಒಂದಕ್ಕೊಂದು ಬಿಗಿಯಾಗಿ ಸೇರ್ತಾವ. ನಡುವೆ ಡಿಫರೆನ್ಷಿಯಲ್ ಇಲ್ಲ. ಆದರೆ ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಓಡಬೇಕು. ಕೆಸರಿನಲ್ಲಿ ಚಕ್ರ ಸ್ವಲ್ಪ ಜಾರಿ ಲೆಕ್ಕ ಸರಿಹೋಗ್ತದ. ಒಣ ಡಾಂಬರಿನಲ್ಲಿ ಜಾರೋಕೆ ಜಾಗ ಇಲ್ಲ, ಆ ಒತ್ತಡ ಪೂರ್ತಿ ಗೇರು, ಶಾಫ್ಟುಗಳಿಗೆ ಹೋಗ್ತದ. ರೋಡಿನ ಮೇಲೆ ಫೋರ್ ವೀಲ್ ಹಾಕಿ ರೀಲ್ ಮಾಡಿದ ಮೇಲೆ ಲಿವರ್ ವಾಪಸ್ ಬರ್ತಿಲ್ಲ ಅಂತ ಒದ್ದಾಡೋದು ಇದಕ್ಕೇ.

ಲೋ ಅನುಪಾತ ಇನ್ನೊಂದು ಅದ್ಭುತ. ವಿಲ್ಲಿಸ್ ವಂಶದ ಟ್ರಾನ್ಸ್‌ಫರ್ ಕೇಸಿನಲ್ಲಿ ಅದು 2.46. ಅಂದರೆ ಚಕ್ರಕ್ಕೆ ಹೋಗೋ ತಿರುಚು ಬಲ ಸುಮಾರು ಎರಡೂವರೆ ಪಟ್ಟು, ವೇಗ ಅಷ್ಟೇ ಪಾಲು ಕಡಿಮೆ. ಇದು ಏರೋಕಿಂತ ಇಳಿಯೋಕೆ ಹೆಚ್ಚು ಉಪಯೋಗ. ಜಾರೋ ಇಳಿಜಾರಿನಲ್ಲಿ ಲೋ ಒಂದನೇ ಗೇರ್ ಹಾಕಿ, ಕ್ಲಚ್ ಬಿಟ್ಟು, ಎಂಜಿನ್ನೇ ಗಾಡಿ ಹಿಡಿಯೋಕೆ ಬಿಡ್ರಿ. ಬ್ರೇಕ್ ಒತ್ತಿ ಚಕ್ರ ಲಾಕ್ ಆದರೆ ಗಾಡಿ ನಿಮ್ಮ ಮಾತು ಕೇಳಲ್ಲ.

ಮತ್ತೊಂದು ಮಾತು. ಫೋರ್ ವೀಲ್ ಹಾಕಿದ್ರೂ ಪ್ರತಿ ಆಕ್ಸಲಿನಲ್ಲಿ ಓಪನ್ ಡಿಫರೆನ್ಷಿಯಲ್ ಇದ್ದರೆ, ಮುಂದೆ ಒಂದು, ಹಿಂದೆ ಒಂದು ಚಕ್ರ ಗಾಳಿಯಲ್ಲಿ ಎದ್ದ ಕೂಡಲೇ ಅವೆರಡೇ ತಿರುಗ್ತಾವ, ಗಾಡಿ ಅಲ್ಲೇ ನಿಲ್ತದ. ಅದಕ್ಕೆ ಮೊದಲ ಮದ್ದು ಲಾಕರ್ ಅಲ್ಲ. ಇಳಿದು, ನಡೆದು, ದಾರಿ ನೋಡಿ, ನಾಲ್ಕೂ ಚಕ್ರ ನೆಲದ ಮೇಲಿರೋ ಗೆರೆ ಆರಿಸೋದು. ನಡೆದು ನೋಡದ ದಾರಿಯಲ್ಲಿ ಗಾಡಿ ಹಾಕಬ್ಯಾಡ್ರಿ.

6/10 · ಖಾನಾಪುರದ ಮಳೆ ಹೇಳಿಕೊಡೋ ಪಾಠ

ಬೆಳಗಾವಿಯಲ್ಲಿ ಚೆಂದ ಓಡಿದ ಗಾಡಿ ಜಾಂಬೋಟಿ ದಾಟಿದ ಮೇಲೆ ಬೇರೆ ಆಗ್ತದ. ನೀರು.

ಎಲ್ಲರೂ ಸ್ನಾರ್ಕೆಲ್ ಅಂತಾರ. ಸ್ನಾರ್ಕೆಲ್ ಮಾಡೋದು ಒಂದೇ ಕೆಲಸ, ಎಂಜಿನ್ ಉಸಿರಾಡೋ ಬಾಯಿಯನ್ನು ಮೇಲಕ್ಕೆ ತರೋದು. ನೀರನ್ನ ಒತ್ತಿ ಸಣ್ಣದು ಮಾಡೋಕಾಗಲ್ಲ. ಸಿಲಿಂಡರಿಗೆ ನೀರು ಹೋದರೆ ಪಿಸ್ಟನ್ ಮೇಲೆ ಬರೋಕಾಗದೆ ಕನೆಕ್ಟಿಂಗ್ ರಾಡ್ ಬಗ್ಗಿಬಿಡ್ತದ. ನೀರಿನ ನಡುವೆ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಹೊಡೀಬ್ಯಾಡ್ರಿ. ಎಳೆಸಿ ಹೊರಗೆ ತರ್ರಿ, ಏರ್ ಫಿಲ್ಟರ್ ಒದ್ದೆ ಆಗೈತಾ ನೋಡ್ರಿ, ಆಮೇಲೆ ಮಾತು.

ಆದರೆ ಸ್ನಾರ್ಕೆಲ್ ಹಾಕಿದವರೂ ಮರೆಯೋದು ಆಕ್ಸಲ್ ಬ್ರೀದರ್. ಓಡಿ ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ ಸೀಲ್ ಸಂದಿಯಿಂದ ನೀರು ಎಳೆದುಕೊಳ್ತದ. ಹಳ್ಳ ದಾಟಿದ ಮರುದಿನ ಡಿಫರೆನ್ಷಿಯಲ್ ಆಯಿಲ್ ತೆಗೆದು ನೋಡ್ರಿ. ಹಾಲು ಹಾಕಿದ ಚಹಾದ ಬಣ್ಣ ಇದ್ದರೆ ಆಯಿಲ್ ಬದಲಿಸಲೇಬೇಕು. ಬ್ರೀದರಿಗೆ ಒಂದು ರಬ್ಬರ್ ಪೈಪ್ ಜೋಡಿಸಿ ಎತ್ತರಕ್ಕೆ ಕಟ್ಟೋದು ನನ್ನ ಪ್ರಕಾರ ಅತ್ಯಂತ ಬುದ್ಧಿವಂತ ಮಾಡಿಫಿಕೇಶನ್. ಖರ್ಚು ಕಡಿಮೆ, ಬೇಕಾದಾಗ ತೆಗೀಬಹುದು, ಮತ್ತು ಯಾರ ಕಣ್ಣಿಗೂ ಕಾಣಲ್ಲ. ಲೈಕ್ ಬರಲ್ಲ, ಅದೊಂದೇ ತೊಂದರೆ.

ಡ್ರಮ್ ಬ್ರೇಕ್ ಒದ್ದೆಯಾದರೆ ಹಿಡಿಯಲ್ಲ. ನೀರಿನಿಂದ ಹೊರಬಂದ ಮೇಲೆ ನಿಧಾನ ಹೋಗ್ತಾ ಪೆಡಲ್ ಹಗುರಾಗಿ ಒತ್ತಿ ಒಣಗಿಸ್ರಿ.

ಮನೆಗೆ ಬಂದ ಮೇಲೆ ಬಾನೆಟ್ ಒರೆಸಿ ಫೋಟೋ ಹಾಕಿ ಮಲಗೋದಲ್ಲ. ಆ ಕೆಂಪು ಮಣ್ಣು ಚಾಸಿಯ ಮುಚ್ಚಿದ ಭಾಗಗಳಲ್ಲಿ ಕೂತು ವಾರಗಟ್ಟಲೆ ತೇವ ಹಿಡೀತದ. ಚಾಸಿಯ ಕೆಳಗಿರೋ ಸಣ್ಣ ತೂತುಗಳು ನೀರು ಇಳಿಯೋಕೆ ಅಂತಾನೇ ಇರೋದು, ಅವು ಕಟ್ಟಿಕೊಂಡರೆ ತುಕ್ಕು ಒಳಗಿನಿಂದ ತಿಂತದ. ಕೆಳಗಿನಿಂದ ಮೇಲಕ್ಕೆ ನೀರು ಹೊಡೀರಿ, ತೂತಿಗೆ ತಂತಿ ಹಾಕಿ ಬಿಡಿಸ್ರಿ.

7/10 · ವೈರಿಂಗ್, ಬೆಂಕಿ ಹತ್ತೋ ಜಾಗ

ಅಂತೂ ಲೈಟ್ ಬಾರಿಗೆ ಬಂದ್ವಿ. ಹಾಕ್ರಿ, ಬೇಡ ಅನ್ನಲ್ಲ. ಆದರೆ ಹಿಂಗ.

180 ವಾಟಿನ ಬಾರ್, 12 ವೋಲ್ಟಿನ ಬ್ಯಾಟರಿ. ಭಾಗಿಸಿದರೆ 15 ಆಂಪಿಯರ್. ಮೊಬೈಲ್ ಚಾರ್ಜರಿನಷ್ಟು ತೆಳು ವೈರಿನಲ್ಲಿ, ಡ್ಯಾಶ್‌ಬೋರ್ಡಿನ ಹತ್ತು ರೂಪಾಯಿ ಸ್ವಿಚ್ಚಿನ ಮೂಲಕ ಇಷ್ಟು ಕರೆಂಟ್ ಹೋದರೆ ವೈರ್ ಬಿಸಿಯಾಗಿ ಮೇಲಿನ ಪ್ಲಾಸ್ಟಿಕ್ ಕರಗ್ತದ. ಹಳೇ ಜೀಪಿನ ಫೈರ್‌ವಾಲ್ ತೂತಿನಲ್ಲಿ ರಬ್ಬರ್ ಗ್ರೋಮೆಟ್ ಯಾವತ್ತೋ ಹೋಗಿರ್ತದ, ತಗಡಿನ ಅಂಚು ವೈರನ್ನ ನಿಧಾನಕ್ಕೆ ಕೊಯ್ತಾ ಇರ್ತದ. ಪಕ್ಕದಲ್ಲೇ ಡೀಸೆಲ್ ಪೈಪ್. ಉಳಿದದ್ದು ನಾನು ಹೇಳಬೇಕಿಲ್ಲ.

ಸರಿಯಾದ ರೀತಿ: ಬ್ಯಾಟರಿ ಪಕ್ಕದಲ್ಲೇ ಫ್ಯೂಸ್, ಆಮೇಲೆ ರಿಲೇ, ಆಮೇಲೆ ದಪ್ಪ ವೈರಿನಲ್ಲಿ ಲೈಟು. ಸ್ವಿಚ್ಚಿನ ಮೂಲಕ ಹೋಗೋದು ರಿಲೇ ಎಚ್ಚರಿಸೋ ಸಣ್ಣ ಕರೆಂಟ್ ಮಾತ್ರ. ಫ್ಯೂಸ್ ಇರೋದು ಲೈಟ್ ಉಳಿಸೋಕಲ್ಲ, ವೈರ್ ಉಳಿಸೋಕೆ. ಅದಕ್ಕೇ ಅದು ಬ್ಯಾಟರಿ ಹತ್ತಿರವೇ ಇರಬೇಕು. ನಿಮ್ಮ ಆಲ್ಟರ್ನೇಟರ್ ಎಷ್ಟು ಆಂಪಿಯರ್ ಕೊಡ್ತದ ಅನ್ನೋದನ್ನೂ ಮೊದಲು ನೋಡ್ರಿ.

ಇದನ್ನೆಲ್ಲಾ ಮಾಡುವ ಮೊದಲು ಒಂದು ಪ್ರಯೋಗ ಮಾಡ್ರಿ. ಕಂಪನಿಯ ಹೆಡ್‌ಲೈಟ್ ಹೋಲ್ಡರಿನಲ್ಲಿ ಮಲ್ಟಿಮೀಟರ್ ಇಟ್ಟು ವೋಲ್ಟೇಜ್ ಅಳೀರಿ. ಬ್ಯಾಟರಿಯಲ್ಲಿ 12.5, ಹೋಲ್ಡರಿನಲ್ಲಿ 10.5 ಬಂದರೆ ನಡುವೆ ಎರಡು ವೋಲ್ಟ್ ತುಕ್ಕು ತಿನ್ನಾಕತ್ತೈತಿ. ಅರ್ಥಿಂಗ್ ಪಾಯಿಂಟ್ ಉಜ್ಜಿ ಶುಚಿ ಮಾಡಿ, ಹೆಡ್‌ಲೈಟಿಗೂ ರಿಲೇ ಹಾಕಿದರೆ ಹಳೇ ಬಲ್ಬೇ ಹೊಸದರಂಗ ಬೆಳಗ್ತದ. ಎಷ್ಟೋ ಗಾಡಿಗೆ ಲೈಟ್ ಬಾರ್ ಬೇಕಾಗಿರೋದೇ ಇಲ್ಲ, ಇದ್ದ ಲೈಟಿಗೆ ರಿಪೇರಿ ಬೇಕಾಗಿರ್ತದ.

ಹಾಕಿದ ಮೇಲೆ ಊರೊಳಗೆ ಕವರ್ ಹಾಕ್ರಿ. ಎದುರಿನಿಂದ ಬರೋ ಸೈಕಲ್ಲಿನವರಿಗೆ ನಿಮ್ಮ ಬಿಳೀ ಬೆಳಕಿನಲ್ಲಿ ರಸ್ತೆಯೇ ಕಾಣಲ್ಲ.

8/10 · ಇಂಥ ಊರು ಸಿಗಲ್ಲ

ಪುಣೆ, ಬೆಂಗಳೂರಿನ ದೋಸ್ತರು ಬಾಕ್ಸ್‌ನಲ್ಲಿ ಬಂದ ಕಿಟ್ ಬಿಚ್ಚಿ ಬೋಲ್ಟ್ ಮಾಡ್ತಾರ. ನಮ್ಮ ಹತ್ರ ಅದಕ್ಕಿಂತ ದೊಡ್ಡದು ಐತಿ, ನಾವು ಬೆಲೆ ಕೊಟ್ಟಿಲ್ಲ.

ಬೆಳಗಾವಿ ಫೌಂಡ್ರಿ ಊರು. ಎರಕದ ಕಬ್ಬಿಣ, ಹೈಡ್ರಾಲಿಕ್ಸ್, ಕ್ರ್ಯಾಂಕ್‌ಶಾಫ್ಟ್ ಕೆಲಸ ಇವು ಇಲ್ಲಿನ ಕಸುಬು. ಉದ್ಯಮಬಾಗ್, ಮಚ್ಛೆ ಕಡೆ ಒಂದು ಸುತ್ತು ಹಾಕ್ರಿ, ಗಲ್ಲಿ ಗಲ್ಲಿಗೆ ಲೇಥ್. ಮಾರುಕಟ್ಟೆಯಲ್ಲಿ ಸಿಗದ ಬುಷ್, ಪಿನ್, ಸ್ಪೇಸರ್ ಬೇಕಾದರೆ ಹಳೇದನ್ನು ಕೈಯಲ್ಲಿ ಹಿಡಿದು ಹೋದರಾಯ್ತು. ವರ್ನಿಯರ್ ಹಿಡಿದು ಅಳೆದು ತಿರುವಿ ಕೊಡೋ ಕೈಗಳು ಇಲ್ಲಿ ಇನ್ನೂ ಇದ್ದಾವೆ.

ಸ್ಕ್ರೂ ಡ್ರೈವರಿನ ತುದಿ ಎಂಜಿನ್ ಮೇಲೆ, ಹಿಡಿಕೆ ಕಿವಿಗೆ ಇಟ್ಟು "ವಾಟರ್ ಪಂಪ್ ಬೇರಿಂಗ್" ಅನ್ನೋ ಮಿಸ್ತ್ರಿಗಳನ್ನ ನೀವೂ ನೋಡಿರ್ತೀರಿ. ಒಡೆದ ಎರಕಕ್ಕೆ ಸೀದಾ ವೆಲ್ಡಿಂಗ್ ಹೊಡೆದರೆ ಪಕ್ಕದಲ್ಲೇ ಮತ್ತೆ ಬಿರುಕು ಬಿಡ್ತದ, ಮೊದಲು ಬಿಸಿ ಮಾಡಿ, ನಿಕಲ್ ರಾಡ್ ಬಳಸಿ, ನಿಧಾನಕ್ಕೆ ತಣಿಸಬೇಕು ಅನ್ನೋದು ಅವರಿಗೆ ಸಿಲೆಬಸ್ ಇಲ್ಲದೇ ಗೊತ್ತು. ನಮಗೆ ಸಿಲೆಬಸ್‌ನಲ್ಲಿ ಇದ್ದರೂ ಪರೀಕ್ಷೆ ಮುಗಿದ ದಿನ ಮರೆತೀವಿ.

ಅವರ ಹುಡುಗರು ಈ ಕೆಲಸಕ್ಕೆ ಬರ್ತಿಲ್ಲ. ಅವರು ಕೂತರೆ ಈ ವಿದ್ಯೆ ಅವರ ಜೊತೆಗೇ ಹೋಗ್ತದ. ಅದಕ್ಕೆ ಗಾಡಿ ಬಿಟ್ಟು ಸಂಜೆ ಬಂದು ತಗೊಂಡು ಹೋಗಬ್ಯಾಡ್ರಿ. ಅಲ್ಲೇ ನಿಲ್ರಿ, ಪಾನಾ ಎತ್ತಿ ಕೊಡ್ರಿ, ಕೇಳ್ರಿ, ಬರಕೊಳ್ರಿ. ಮತ್ತೆ ಕಲಿಸಿದ ಸಮಯಕ್ಕೂ ದುಡ್ಡು ಕೊಡ್ರಿ, ಚೌಕಾಸಿ ಮಾಡಬ್ಯಾಡ್ರಿ.

ಇಂಜಿನಿಯರಿಂಗ್ ದೋಸ್ತರಿಗೆ ಇನ್ನೊಂದು. ಬಾಹಾ ಎಸ್‌ಎಇ ಇಂಡಿಯಾ ಗೊತ್ತಲ್ಲ? 2007ರಲ್ಲಿ ಪೀತಾಂಪುರದಲ್ಲಿ ಶುರುವಾದ ವಿದ್ಯಾರ್ಥಿಗಳ ಆಫ್‌ರೋಡ್ ಗಾಡಿ ಸ್ಪರ್ಧೆ. ಎಲ್ಲ ತಂಡಕ್ಕೂ ಒಂದೇ ಬಗೆಯ ಸಣ್ಣ ಎಂಜಿನ್, ಅದರ ಶಕ್ತಿ ಹೆಚ್ಚಿಸೋ ಹಾಗಿಲ್ಲ. ಕೊನೆಗೆ ನಾಲ್ಕು ಗಂಟೆಯ ಎಂಡ್ಯೂರೆನ್ಸ್ ಓಟ. ಅಲ್ಲಿ ಉಳಿಯೋದು ಮುರಿಯದ ಗಾಡಿ, ಮುರಿದರೂ ಬೇಗ ರಿಪೇರಿ ಮಾಡೋ ತಂಡ. ನಾನು ಹತ್ತು ಪೋಸ್ಟಿನಲ್ಲಿ ಹೇಳೋದನ್ನ ಆ ನಾಲ್ಕು ಗಂಟೆ ತೋರಿಸ್ತಾವ.

9/10 · ಆರ್‌ಸಿಯಲ್ಲಿ ಏನೈತಿ, ಗಾಡಿಯಲ್ಲಿ ಏನೈತಿ

ಇದು ಬೋರಿಂಗ್ ಪೋಸ್ಟ್. ಆದರೂ ಇದನ್ನೇ ಸೇವ್ ಮಾಡ್ರಿ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳೋದು ಇಷ್ಟು: ತಯಾರಕರು ಮೂಲತಃ ಕೊಟ್ಟ ವಿವರಕ್ಕಿಂತ ಆರ್‌ಸಿ ವಿವರ ಬೇರೆಯಾಗುವಂತೆ ಗಾಡಿ ಬದಲಿಸಬಾರದು. 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡೀತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಸೇರಿತು. ಒಂದೊಂದಕ್ಕೂ, ಗಮನಿಸ್ರಿ. ಮುಂದಿನ ಬುಲ್ ಬಾರ್ ಮೇಲೆ ಕ್ರಮ ಕೈಗೊಳ್ಳಿ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿತ್ತು.

ಎಂಜಿನ್ ಬದಲಿಸೋದು, ಬಣ್ಣ ಬದಲಿಸೋದು ಇವಕ್ಕೆ ಆರ್‌ಟಿಒ ಒಪ್ಪಿಗೆ ತಗೊಂಡು ಆರ್‌ಸಿಯಲ್ಲಿ ಬರೆಸೋ ದಾರಿ ಐತಿ. ಆ ದಾರಿ ಬಿಟ್ಟವರಿಗೆ ಅಪಘಾತವಾದ ದಿನ ವಿಮೆಯವರು ತಕರಾರು ತೆಗೀತಾರ. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗೀತದ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಗಾಡಿ ಪರೀಕ್ಷೆಗೆ ನಿಲ್ಲಬೇಕು. ಅವತ್ತು ಕೈಹಿಡಿಯೋದು ಮೂರನೇ ಪೋಸ್ಟಿನ ಬ್ರೇಕು, ಸ್ಟೀರಿಂಗು.

50 ವರ್ಷ ದಾಟಿದ, ಮೂಲ ರೂಪದಲ್ಲೇ ಇರೋ ಗಾಡಿಗೆ 2021ರ ನಿಯಮದಲ್ಲಿ ವಿಂಟೇಜ್ ನೋಂದಣಿ ಐತಿ. ನಿಮ್ಮ ಅಜ್ಜನ ಕಾಲದ ಸಿಜೆ ಮೂಲೆಯಲ್ಲಿ ನಿಂತಿದ್ದರೆ ಅದಕ್ಕೆ ಗ್ರೈಂಡರ್ ಹಚ್ಚುವ ಮೊದಲು ಎರಡು ಸಲ ಯೋಚಿಸ್ರಿ. ಕೊಯ್ದದ್ದು ವಾಪಸ್ ಬರಲ್ಲ.

"ಕಾನೂನು ಹವ್ಯಾಸ ಕೊಲ್ತದ" ಅನ್ನೋ ಸಿಟ್ಟು ನನಗೂ ಅರ್ಥ ಆಗ್ತದ. ಪರೀಕ್ಷೆ ಮಾಡಿಸಿ ಅನುಮತಿ ಕೊಡೋ ಸುಲಭ ವ್ಯವಸ್ಥೆ ಬೇಕು ಅಂತ ನಾನೂ ಕೇಳ್ತೀನಿ. ಆದರೆ ಬ್ರೇಕ್ ನೋಡದೇ ಟೈರ್ ಏರಿಸಿದ ಗಾಡಿಗಳು ರಸ್ತೆಯಲ್ಲಿ ಇರೋ ತನಕ ನಮ್ಮ ಮಾತನ್ನ ಯಾರು ಕೇಳ್ತಾರ? ದೊಡ್ಡ ಮಾಡಿಫಿಕೇಶನ್ ಆಸೆ ಇದ್ದರೆ ಅದಕ್ಕೆ ಜಾಗ ಸ್ಪರ್ಧೆ. ಘಟ್ಟದ ಕೆಳಗೆ ಗೋವಾದಲ್ಲಿ 2014ರಲ್ಲಿ ಶುರುವಾದ ರೇನ್‌ಫಾರೆಸ್ಟ್ ಚಾಲೆಂಜ್ ಥರದ್ದು, ನಿಯಮ, ತಪಾಸಣೆ, ರಕ್ಷಣಾ ತಂಡ ಎಲ್ಲಾ ಇರೋ ಕಡೆ.

10/10 · ಕಾಡು ಟ್ರ್ಯಾಕ್ ಅಲ್ಲ

ಕೊನೇ ಪೋಸ್ಟ್, ನನಗೆ ಬಹಳ ಮುಖ್ಯ.

ಖಾನಾಪುರ ತಾಲೂಕಿನ ಭೀಮಗಡ 2011ರಿಂದ ವನ್ಯಜೀವಿಧಾಮ, ಸುಮಾರು 190 ಚದರ ಕಿಲೋಮೀಟರ್. ಅಲ್ಲಿನ ಬಾರಾಪೇಡೆ ಗುಹೆಗಳಲ್ಲಿ ರಾಟನ್ ಹೆಸರಿನ ಅಪರೂಪದ ಬಾವಲಿ ಇರ್ತಾವ. ಅನುಮತಿ ಇಲ್ಲದೆ ಒಳಗೆ ಹೋಗೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಜೀಪ್ ಹೋಗಬಲ್ಲದು ಅನ್ನೋ ಕಾರಣಕ್ಕೆ ಹೋಗಬಹುದು ಅಂತ ಅರ್ಥ ಅಲ್ಲ.

ಹಳ್ಳದೊಳಗೆ ಗಾಡಿ ತೊಳೆಯೋರಿಗೆ ಒಂದು ಮಾತು. ಮಲಪ್ರಭಾ ಹುಟ್ಟೋದು ಕಣಕುಂಬಿಯಲ್ಲಿ. ಅದು ಖಾನಾಪುರ ದಾಟಿ ಸವದತ್ತಿ ಹತ್ತಿರದ ನವಿಲುತೀರ್ಥ ಅಣೆಕಟ್ಟಿಗೆ ಹೋಗ್ತದ, ಅಲ್ಲಿಂದ ಹುಬ್ಬಳ್ಳಿ ಧಾರವಾಡಕ್ಕೆ ಕುಡಿಯೋ ನೀರು. ನಿಮ್ಮ ಆಯಿಲ್ ಸೀಲ್ ಸೋರಿದರೆ ಅದು ಬರೀ ನಿಮ್ಮ ಗ್ಯಾರೇಜಿನ ವಿಷಯ ಅಲ್ಲ.

ಮತ್ತೆ ಮನುಷ್ಯರು. ಆಮಗಾಂವ್, ಗವಾಳಿ, ಕೃಷ್ಣಾಪುರ, ಪಾಸ್ತೋಳಿ. ಮಳೆಗಾಲದಲ್ಲಿ ಈ ಊರುಗಳ ದಾರಿ ನೀವೇ ಊಹಿಸ್ರಿ. 2024ರ ಮಳೆಯಲ್ಲಿ ಆಮಗಾಂವ್‌ನ ಜನ ಕಾಯಿಲೆ ಬಿದ್ದ ಹೆಣ್ಣುಮಗಳೊಬ್ಬಳನ್ನ ಕಟ್ಟಿಗೆಯ ಸ್ಟ್ರೆಚರ್ ಮೇಲೆ ಹೊತ್ತು ಕಾಡಿನಲ್ಲಿ ಕಿಲೋಮೀಟರ್‌ಗಟ್ಟಲೆ ನಡೆದ ಸುದ್ದಿ ನೀವೂ ಓದಿರ್ತೀರಿ. ನಾವು ಮಜಾಕ್ಕೆ ಹುಡುಕೋ ಕೆಸರು ಅವರ ಮನೆ ಬಾಗಿಲು. ನಮ್ಮ ದೊಡ್ಡ ಟೈರು ಅಗೆದ ಗಾಲಿ ಗುರುತಿನಲ್ಲಿ ಮರುದಿನ ಅವರ ಬೈಕ್ ಜಾರ್ತದ. ಹಂಗಾಗಿ ಮಳೆ ಹಿಡಿದಾಗ ಊರ ದಾರಿಗೆ ಇಳೀಬ್ಯಾಡ್ರಿ. ಇಳಿಯಲೇಬೇಕಾದರೆ ಊರವರನ್ನ ಕೇಳಿ, ಅಗೆದದ್ದನ್ನ ಮುಚ್ಚಿ ಬರ್ರಿ.

ಇನ್ನು ಮುಂದೆ ಏನಾದರೂ ಹಾಕೋ ಮುಂಚೆ ಮೂರು ಪ್ರಶ್ನೆ ಕೇಳ್ಕೊಳ್ರಿ. ಇದು ಯಾವ ತೊಂದರೆ ಸರಿ ಮಾಡ್ತದ? ಬೇಡವಾದರೆ ತೆಗೆದು ಮೊದಲಿನಂಗ ಮಾಡಬಹುದಾ? ಹಾಕಿದ ಮೇಲೂ ಆರ್‌ಸಿ ನಿಜ ಹೇಳ್ತದಾ? ಮೂರಕ್ಕೂ ಉತ್ತರ ಇದ್ದರೆ ಧಾರಾಳ ಮಾಡ್ರಿ, ನನಗೂ ಫೋಟೋ ಕಳಸ್ರಿ.

ಈ ಭಾನುವಾರದ ಹೋಮ್‌ವರ್ಕ್: ನಾಲ್ಕೂ ಚಕ್ರ ಬಿಚ್ಚಿ ಬ್ರೇಕ್ ನೋಡ್ರಿ. ಗಾಡಿ ಇಲ್ದವ್ರು ದೋಸ್ತನ ಗಾಡಿ ಕೆಳಗ ಟಾರ್ಚ್ ಹಿಡೀರಿ. ಏನು ಸಿಕ್ತು ಅಂತ ಕಾಮೆಂಟಿನಲ್ಲಿ ಬರೀರಿ. ಸವೆದ ಬ್ರೇಕ್ ಶೂ ಫೋಟೋ ಹಾಕಿದವರಿಗೆ ನನ್ನ ಲೈಕ್ ಗ್ಯಾರಂಟಿ.

#ಬೆಳಗಾವಿ #ಖಾನಾಪುರ #ಹಳೆಜೀಪ್ #ಮೊದ್ಲುರಿಪೇರಿ